ಗಿಡ್ಡ ಮೈಕಟ್ಟಿನ ಹಾಕಿ ಆಟಗಾರರನ್ನು ತಯಾರು ಮಾಡುವ ಕ್ರಮ

"ನಮ್ಮ ಹುಡುಗ ಗಿಡ್ಡ ಅದಾನ್ರಿ, ಎತ್ತರದವರ ಮುಂದ ಹೆಂಗ ಆಡತಾನ?" ಎಂದು ಬೆಳಗಾವಿಯ ಸ್ಕೇಟಿಂಗ್ ರಿಂಕ್ ಬದಿಯಲ್ಲಿ ನಿಂತ ತಂದೆತಾಯಿಯರು ತರಬೇತುದಾರರನ್ನು ಕೇಳುವುದುಂಟು. ಈ ಊರಿನಲ್ಲಿ ಐಸ್ ರಿಂಕ್ ಇಲ್ಲದ ಕಾರಣ ಐಸ್ ಹಾಕಿಯ ಆಸೆಯುಳ್ಳ ಮಕ್ಕಳು ಒಂದೇ ಸಾಲಿನ ಗಾಲಿಗಳುಳ್ಳ ಸ್ಕೇಟ್ ಕಟ್ಟಿ ಗಟ್ಟಿ ನೆಲದ ಮೇಲೆ ಆಡುವ ಇನ್‌ಲೈನ್ ಹಾಕಿಯಿಂದಲೇ ಆರಂಭಿಸಬೇಕಾಗುತ್ತದೆ. ಎತ್ತರದ ಪ್ರಶ್ನೆಗೆ ಮಾತ್ರ ಎರಡೂ ಆಟಗಳಲ್ಲಿ ಉತ್ತರ ಒಂದೇ. ಎತ್ತರದ ಆಟಗಾರನ ನಿಜವಾದ ಬಲ ಇರುವುದು ಅವನ ಕೈ ಮತ್ತು ಸ್ಟಿಕ್ ಕೂಡಿ ತಲುಪುವ ದೂರದಲ್ಲಿ. ಆ ದೂರದ ಹೊರಗಿದ್ದವನನ್ನು ಅವನು ಮುಟ್ಟಲಾರ. ಅದನ್ನು ದಾಟಿ ಮೊಣಕೈಯ ಕೆಳಗೇ ಬಂದವನ ಮೇಲೆ ಉದ್ದನೆಯ ಸ್ಟಿಕ್ ಆಡಿಸಲು ಅವನಿಗೆ ಜಾಗ ಸಿಗದು. ಈ ಎರಡರ ನಡುವೆ ನಿಲ್ಲುವುದೇ ಗಿಡ್ಡ ಆಟಗಾರ ಮಾಡುವ ದೊಡ್ಡ ತಪ್ಪು. ಕುಸ್ತಿ ನೋಡಿ ಬೆಳೆದ ನಮ್ಮ ಭಾಗದವರಿಗೆ ಇದು ಹೊಸ ಮಾತಲ್ಲ: ಎತ್ತರದ ಪೈಲ್ವಾನನ ಎದೆಯ ಕೆಳಗೆ ನುಗ್ಗಿ ಕಾಲು ಹಿಡಿಯುವವನು ಮಾಡುವುದೂ ಇದನ್ನೇ.

ತಯಾರಿ ಸ್ಟಿಕ್ಕಿನಿಂದ ಆರಂಭವಾಗಬೇಕು. ಸ್ಕೇಟ್ ಹಾಕಿಕೊಂಡು ನೆಟ್ಟಗೆ ನಿಂತು, ಸ್ಟಿಕ್ಕಿನ ತುದಿಯನ್ನು ನೆಲಕ್ಕೆ ಊರಿ ಮುಖದ ಮುಂದೆ ನಿಲ್ಲಿಸಿದಾಗ ಅದರ ಮೇಲ್ತುದಿ ಗದ್ದ ಮತ್ತು ಮೂಗಿನ ನಡುವೆ ಬರಬೇಕು. ಗಿಡ್ಡ ಮಕ್ಕಳಿಗೆ ಗದ್ದದ ಹತ್ತಿರದ ಅಳತೆಯೇ ಲೇಸು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಪಕ್ ಅನ್ನು (ಚೆಂಡಿನ ಬದಲು ಆಡುವ ಚಪ್ಪಟೆ ಬಿಲ್ಲೆಯನ್ನು) ಕಾಲಿನ ಸಮೀಪ ಇಟ್ಟುಕೊಂಡು ಆಡುವವರಿಗೆ ಉದ್ದನೆಯ ಸ್ಟಿಕ್ ಹೊಟ್ಟೆಗೆ ಅಡ್ಡ ಬರುತ್ತದೆ. ಹಿರಿಯರ ಸ್ಟಿಕ್ಕನ್ನು ಗರಗಸದಿಂದ ಕೊಯ್ದು ಮಗುವಿನ ಕೈಗೆ ಕೊಡುವ ರೂಢಿಯನ್ನು ದಯವಿಟ್ಟು ಬಿಡಬೇಕು. ಸ್ಟಿಕ್ಕಿನ ಮೇಲೆ ಫ್ಲೆಕ್ಸ್ ಎಂದು ಬರೆದಿರುವ ಸಂಖ್ಯೆ, ಅದನ್ನು ಒಂದು ಇಂಚು ಬಗ್ಗಿಸಲು ಎಷ್ಟು ಪೌಂಡ್ ಬಲ ಬೇಕೆಂಬುದನ್ನು ಸೂಚಿಸುತ್ತದೆ; ಕೊಯ್ದಷ್ಟೂ ಸ್ಟಿಕ್ ಗಡುಸಾಗುತ್ತದೆ, ಗಡುಸಾದ ಸ್ಟಿಕ್ ಹಗುರ ಮೈಯವರ ಕೈಯಲ್ಲಿ ಬಗ್ಗುವುದಿಲ್ಲ, ಬಗ್ಗದಿದ್ದರೆ ಹೊಡೆತಕ್ಕೆ ವೇಗ ಬರುವುದಿಲ್ಲ. ಪೌಂಡ್‌ಗಳಲ್ಲಿ ಅಳೆದ ದೇಹತೂಕದ ಅರ್ಧದಷ್ಟು ಫ್ಲೆಕ್ಸ್ ಇರಬೇಕೆಂಬುದು ಆಟಗಾರರಲ್ಲಿ ರೂಢಿಯಲ್ಲಿರುವ ಲೆಕ್ಕ. ಅದರಂತೆ 40 ಕಿಲೋ ತೂಕದ ಮಗುವಿಗೆ 40ರಿಂದ 45 ಸಾಕು.

ಮುಂದಿನದು ಆ ಅಪಾಯದ ದೂರವನ್ನು ಕಣ್ಣಿಗೆ ಕಾಣಿಸುವ ಅಭ್ಯಾಸ. ತಂಡದ ಅತಿ ಎತ್ತರದ ಆಟಗಾರನನ್ನು ಒಂದೆಡೆ ನಿಲ್ಲಿಸಿ, ಅವನು ಒಂದೇ ಕೈಯಲ್ಲಿ ಸ್ಟಿಕ್ ಚಾಚಿ ತಿರುಗುವಷ್ಟು ಅಗಲಕ್ಕೆ ಸೀಮೆಸುಣ್ಣದಿಂದ ವೃತ್ತ ಎಳೆಯಿರಿ. ಗಿಡ್ಡ ಆಟಗಾರ ಪಕ್ ಹಿಡಿದು ಬಂದಾಗ ಒಂದೋ ವೃತ್ತದ ಹೊರಗಿನಿಂದಲೇ ಸುತ್ತಿ ಹೋಗಬೇಕು, ಇಲ್ಲವೇ ಎರಡೇ ಹೆಜ್ಜೆಯಲ್ಲಿ ಒಳಗೆ ನುಗ್ಗಿ ಎದುರಾಳಿಯ ಕಂಕುಳ ಕೆಳಗಿನಿಂದ ಆಚೆ ದಾಟಬೇಕು. ವೃತ್ತದ ಗೆರೆಯ ಮೇಲೆ ವೇಗ ಇಳಿಸಿದರೆ ಪಕ್ ಕಳೆದುಕೊಂಡಂತೆಯೇ ಸರಿ. ಮೊಣಕಾಲು ಆಳವಾಗಿ ಬಗ್ಗಿ ಸೊಂಟ ಇಳಿದಿದ್ದರೆ ಮಾತ್ರ ಆ ಎರಡು ಹೆಜ್ಜೆಗಳಿಗೆ ಬಲ ಬರುತ್ತದೆ. ಸೊಂಟ ಇಳಿಸಬೇಕೇ ಹೊರತು ತಲೆಯನ್ನಲ್ಲ.

ತಲೆಯ ಮಾತು ಬಂದಿದ್ದರಿಂದ ಸುರಕ್ಷತೆಯನ್ನು ಇಲ್ಲಿಯೇ ಹೇಳಬೇಕು. ಗಿಡ್ಡ ಆಟಗಾರನ ಮುಖ ಎತ್ತರದವನ ಮೊಣಕೈಯ ಮಟ್ಟದಲ್ಲಿರುತ್ತದೆ, ಆದ್ದರಿಂದ ಮುಖ ಪೂರ್ತಿ ಮುಚ್ಚುವ ಜಾಲರಿಯ ಹೆಲ್ಮೆಟ್ ಇಲ್ಲದೆ ಮಗುವನ್ನು ರಿಂಕ್‌ಗೆ ಇಳಿಸಬಾರದು. ಇನ್‌ಲೈನ್ ಹಾಕಿಯಲ್ಲಿ ಮೈಯಿಂದ ಗುದ್ದುವುದಕ್ಕೆ ಅವಕಾಶವಿಲ್ಲ, ಆದರೂ ಡಿಕ್ಕಿಗಳು ತಪ್ಪುವುದಿಲ್ಲ. ಗೋಡೆಯ ಬಳಿಯ ಪಕ್‌ಗೆ ಹೋಗುವ ಮುನ್ನ ಎರಡೂ ಭುಜದ ಹಿಂದೆ ಒಮ್ಮೆ ನೋಡಿ, ನೇರವಾಗಿ ನುಗ್ಗದೆ ಓರೆಯಾಗಿ ಹೋಗಿ, ಬೆನ್ನು ಮತ್ತು ಸೊಂಟವನ್ನು ಎದುರಾಳಿಗೂ ಪಕ್‌ಗೂ ನಡುವೆ ತರಬೇಕು.

ಇಷ್ಟೆಲ್ಲ ಕಲಿತರೂ ವೃತ್ತಿಪರ ಆಟದಲ್ಲಿ ಜಾಗ ಸಿಕ್ಕೀತೇ ಎಂದು ಕೇಳುವವರು ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಅನ್ನು ನೋಡಬಹುದು. 5 ಅಡಿ 6 ಇಂಚಿನ ಥಿಯೋ ಫ್ಲೂರಿಯನ್ನು ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 1987ರ ಆಯ್ಕೆಯಲ್ಲಿ 166ನೆಯವರಾಗಿ ತೆಗೆದುಕೊಳ್ಳಲಾಯಿತು. ಅವರು ಆ ಲೀಗ್‌ನಲ್ಲಿ 455 ಗೋಲು ಹೊಡೆದರು. 5 ಅಡಿ 8 ಇಂಚಿನ ಮಾರ್ಟಿನ್ ಸೇಂಟ್ ಲೂಯಿಸ್ ಅವರನ್ನು ಯಾವ ತಂಡವೂ ಆಯ್ಕೆಯಲ್ಲಿ ಕರೆಯಲಿಲ್ಲ, ಆದರೆ 2004 ಮತ್ತು 2013ರಲ್ಲಿ ಲೀಗ್‌ನ ಅತಿ ಹೆಚ್ಚು ಅಂಕಗಳು (ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಅವರವೇ ಆಗಿದ್ದವು. 2005ರಲ್ಲಿ ಸ್ಟಿಕ್ಕಿನಿಂದ ಕೊಕ್ಕೆ ಹಾಕಿ ಎಳೆಯುವುದನ್ನೂ ಹಿಡಿದು ನಿಲ್ಲಿಸುವುದನ್ನೂ ತೀರ್ಪುಗಾರರು ಬಿಗಿಯಾಗಿ ದಂಡಿಸತೊಡಗಿದ ಮೇಲೆ ವೇಗದ ಆಟಗಾರರಿಗೆ ದಾರಿ ಇನ್ನಷ್ಟು ಸುಗಮವಾಯಿತು. ಆ ಋತುವಿನಲ್ಲೇ 5 ಅಡಿ 7 ಇಂಚಿನ ಬ್ರಯಾನ್ ಜಿಯೋಂಟಾ 48 ಗೋಲು ಗಳಿಸಿದರು.

ಗೋಲ್‌ಕೀಪರ್ ಸ್ಥಾನದ ಮಾತು ಬೇರೆ. 5 ಅಡಿ 3 ಇಂಚಿನ ರಾಯ್ ವೋರ್ಟರ್ಸ್ 1929ರಲ್ಲಿ ಲೀಗ್‌ನ ಶ್ರೇಷ್ಠ ಆಟಗಾರನ ಹಾರ್ಟ್ ಟ್ರೋಫಿ ಪಡೆದದ್ದು ನಿಜ, ಆದರೆ ಈಗ ಕೀಪರ್‌ಗಳು ಮೊಣಕಾಲೂರಿ ಕುಳಿತು ತಡೆಯುವುದರಿಂದ ಗಿಡ್ಡವರ ಭುಜದ ಮೇಲೆ ಗೋಲು ತೆರೆದೇ ಉಳಿಯುತ್ತದೆ. ಆ ಸ್ಥಾನವನ್ನೇ ಬಯಸುವ ಮಗುವಿಗೆ ಮುಂದೆ ಬಂದು ಕೋನ ಮುಚ್ಚುವುದನ್ನು ಮೊದಲು ಕಲಿಸಬೇಕು.

ಬೆಳಗಾವಿಯ ಮಳೆಗಾಲದಲ್ಲಿ ತೊಯ್ದ ಸಿಮೆಂಟಿನ ಮೇಲೆ ಗಾಲಿಗಳು ನಿಲ್ಲುವುದಿಲ್ಲ. ಆ ತಿಂಗಳುಗಳಲ್ಲಿ ಮನೆಯೊಳಗೆ ಬಸ್ಕಿ ಹೊಡೆಯುವುದನ್ನು, ಒಂಟಿ ಕಾಲಿನ ಮೇಲೆ ಕುಳಿತು ಏಳುವುದನ್ನು ಮತ್ತು ಟೈಲ್ಸ್ ನೆಲದ ಮೇಲೆ ತಲೆಯೆತ್ತಿ ಚೆಂಡು ಆಡಿಸುವುದನ್ನು ಬಿಡದೆ ಮಾಡಿಸಿ. ಮತ್ತೆ ರಿಂಕ್‌ಗೆ ಇಳಿಯುವ ದಿನ ಸ್ಟಿಕ್ಕನ್ನು ಪುನಃ ಗದ್ದಕ್ಕೆ ಹಿಡಿದು ನೋಡಿ, ಅಷ್ಟರಲ್ಲಿ ಮಗು ಬೆಳೆದಿರಬಹುದು.