ಹಳೆಯ ಹೊಲಿಗೆಯ ಮೇಲೆ ಮಾಸು ಕೂತಾಗ

ಉಡುಪಿಯಲ್ಲಿ ಗರ್ಭಿಣಿಯರ ಸ್ಕ್ಯಾನಿಂಗ್ ಮಾಡುವ ನಾನು ಪ್ರೋಬ್ (ಹೊಟ್ಟೆಯ ಮೇಲೆ ಆಡಿಸುವ ಸ್ಕ್ಯಾನಿಂಗ್ ಕೈಪಿಡಿ) ಹಿಡಿಯುವ ಮೊದಲು ಹಳೆಯ ಫೈಲು ಕೇಳುತ್ತೇನೆ. ಸಿಸೇರಿಯನ್ ಎಷ್ಟು ಸಲ ಆಗಿದೆ, ಗರ್ಭಕೋಶದ ಗಡ್ಡೆ ತೆಗೆಸಿದ್ದುಂಟೇ, ಈ ಗರ್ಭ ಐವಿಎಫ್‌ನದ್ದೇ, ಗರ್ಭಪಾತವಾಗಿ ಗರ್ಭಕೋಶ ತೊಳೆಸಿದ್ದುಂಟೇ? ಕೊನೆಯ ಪ್ರಶ್ನೆಗೆ ಅತ್ತೆಯ ಎದುರು ಉತ್ತರ ಬರುವುದು ಕಡಿಮೆ. ಅವರನ್ನು ಹೊರಗೆ ಕೂರಿಸಿಯೇ ಕೇಳುತ್ತೇನೆ.

ಇವೆಲ್ಲ ಗರ್ಭಕೋಶದ ಒಳಪದರಕ್ಕೆ ಪೆಟ್ಟು ಕೊಡುವ ಅಥವಾ ಮಾಸು (ಮಗುವಿಗೆ ತಾಯಿಯಿಂದ ಆಹಾರ ಒದಗಿಸುವ ಪ್ಲಾಸೆಂಟಾ) ಅಂಟುವ ರೀತಿಯನ್ನು ಕೆಡಿಸುವ ಸಂಗತಿಗಳು. ಪದರ ಹಾಳಾದ ಕಡೆ ಮಾಸು ನೇರ ಸ್ನಾಯುವಿಗೇ ಕಚ್ಚಿಕೊಂಡರೆ ಅಕ್ರೀಟಾ, ಸ್ನಾಯುವಿನೊಳಗೆ ಇಳಿದರೆ ಇನ್‌ಕ್ರೀಟಾ, ಅದನ್ನೂ ದಾಟಿದರೆ ಪರ್‌ಕ್ರೀಟಾ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತು, ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ ಹೀಗಾಗುವ ಸಾಧ್ಯತೆ ಸುಮಾರು ಶೇ. 11, ಎರಡು ಆಗಿದ್ದರೆ ಶೇ. 40 ಎಂದು 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿದೆ.

ಬೈಂದೂರು ಕಡೆಯಿಂದ ಬಂದ ಒಬ್ಬರಿಗೆ ಮೊದಲಿನ ಎರಡೂ ಹೆರಿಗೆ ಸಿಸೇರಿಯನ್. ಐದನೇ ತಿಂಗಳ ಸ್ಕ್ಯಾನ್. ಬಸ್ಸಿನಿಂದ ಇಳಿದವರೇ ಶೌಚಾಲಯಕ್ಕೆ ಹೋಗಿ ಬಂದಿದ್ದರು. ನೀರು ಕುಡಿಸಿ ಕಾಯಿಸಿದೆ. ಕಾಯುವುದೆಂದರೆ ಎಲ್ಲರಿಗೂ ಕಿರಿಕಿರಿಯೇ. ಆದರೆ ಮೂತ್ರಕೋಶ ಅರ್ಧದಷ್ಟಾದರೂ ತುಂಬದೆ ಅದರ ಮತ್ತು ಗರ್ಭಕೋಶದ ನಡುವಿನ ಗೆರೆ ಸರಿಯಾಗಿ ಕಾಣುವುದಿಲ್ಲ.

ಪ್ರೋಬನ್ನು ಒತ್ತಬಾರದು. ಒತ್ತಿದರೆ, ಮಾಸು ಸರಿಯಾಗಿ ಅಂಟಿದ್ದಾಗ ಅದರ ಹಿಂದೆ ಕಾಣುವ ತೆಳು ಕಪ್ಪು ಪಟ್ಟಿ ಅಳಿಸಿಹೋಗಿ ಇಲ್ಲದ ರೋಗ ಕಾಣಿಸುತ್ತದೆ. ಹಗುರವಾಗಿ ಹಿಡಿದರೂ ಇವರಲ್ಲಿ ಆ ಪಟ್ಟಿ ಇರಲಿಲ್ಲ. ಮಾಸಿನೊಳಗೆ ಗೆದ್ದಲು ತಿಂದ ಹಲಗೆಯಂತೆ ಅಂಕುಡೊಂಕು ತೂತುಗಳು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿದರೆ ಅವುಗಳಲ್ಲಿ ರಕ್ತ ಸುಳಿದಾಡುತ್ತಿತ್ತು. ಮೂತ್ರಕೋಶದ ಬಿಳಿ ಗೆರೆ ಒಂದೆಡೆ ತುಂಡಾಗಿತ್ತು. ಯೋನಿಯ ಮೂಲಕ ಮಾಡುವ ಒಳಗಿನ ಸ್ಕ್ಯಾನ್ ಕೂಡ ಮಾಡಿದೆ. ಎಚ್ಚರದಿಂದ ಮಾಡಿದರೆ ಅದರಿಂದ ಅಪಾಯವಿಲ್ಲ.

“ಮಗು ಸರಿ ಉಂಟಲ್ಲ ಡಾಕ್ಟರೇ?” ಎಂದು ಕೇಳಿದರು. ಮಗು ಚೆನ್ನಾಗಿದೆ, ಚಿಂತೆ ಮಾಸಿನದ್ದು ಎಂದೆ.

ವರದಿಯಲ್ಲಿ ಬರೇ ‘ಮಾಸು ಕೆಳಗಿದೆ’ ಎಂದು ಬರೆದು ಕೈತೊಳೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಹಳೆಯ ಹೊಲಿಗೆಯ ಮೇಲಿದೆ, ಅಂಟಿಕೊಂಡ ಅನುಮಾನವಿದೆ ಎಂದು ಬಿಡಿಸಿ ಬರೆದು ಹೆರಿಗೆ ವೈದ್ಯರಿಗೆ ಆಗಲೇ ಫೋನ್ ಮಾಡಿದೆ. ಇಂಥ ಹೆರಿಗೆಯನ್ನು ಸಾಮಾನ್ಯವಾಗಿ 34ರಿಂದ 36 ವಾರಗಳ ನಡುವೆ ದಿನ ಗೊತ್ತುಮಾಡಿ, ರಕ್ತ ಸಿದ್ಧವಿಟ್ಟು, ಮೂತ್ರಕೋಶದ ಸರ್ಜನ್‌ರನ್ನೂ ಕರೆಸಿಕೊಂಡು ಮಾಡುತ್ತಾರೆ. ಮಾಸನ್ನು ಎಳೆದರೆ ರಕ್ತ ನಿಲ್ಲದು. ಹಲವರಲ್ಲಿ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಮಳೆಗಾಲದ ರಾತ್ರಿ ಬೈಂದೂರಿನಿಂದ ಆಂಬುಲೆನ್ಸಿನಲ್ಲಿ ಬರುವ ಪಾಡು ಬೇಡವೆಂದು, ಏಳು ತಿಂಗಳು ತುಂಬುತ್ತಲೇ ಮಣಿಪಾಲದ ಹತ್ತಿರ ನೆಂಟರ ಮನೆಗೆ ಬಂದಿರಲು ಹೇಳಿದೆ. ಗಂಡ ಕೂಡಲೇ ಒಪ್ಪಿದರು.

ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ಎರಡು ಹೊಲಿಗೆಯವರ ಮಾಸು ಕೆಳಗಿದ್ದರೆ ನಾನು ಅನುಮಾನ ಬಿಡುವುದಿಲ್ಲ. ಮಾಸು ಹಿಂಬದಿಯಲ್ಲಿದ್ದರೆ ಎಂಆರ್‌ಐ ನೆರವಾಗುತ್ತದೆ. ಇನ್ನೊಂದು ವಿಷಯ: ಸಿಸೇರಿಯನ್ ಆದವರು ಮುಂದಿನ ಬಸಿರಿನ ಆರೇಳನೇ ವಾರಕ್ಕೇ ಒಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಲಿ. ಗರ್ಭಚೀಲ ಹೊಲಿಗೆಯ ಜಾಗದಲ್ಲೇ ಕೂತಿದ್ದರೆ ಆಗ ಸ್ಪಷ್ಟವಾಗಿ ಕಾಣುತ್ತದೆ. ಮೂರನೇ ತಿಂಗಳ ಹೊತ್ತಿಗೆ ಚೀಲ ಮೇಲಕ್ಕೆ ಬೆಳೆದು ಆ ಸುಳಿವು ಮರೆಯಾಗಿರುತ್ತದೆ.