ಲೆಕ್ಕ ಬೇಗ ಮುಗಿಸುವ ಮಗಳಿದ್ದರೆ

ಮಂಡ್ಯದಲ್ಲಿ ನಮ್ಮ ಮನೆ. ಮಗಳಿಗೆ 8 ವರ್ಷ. ಲೆಕ್ಕ ಐದೇ ನಿಮಿಷದಲ್ಲಿ ಮುಗಿಸಿ ಪಕ್ಕದವಳ ಜಡೆ ಎಳೀತಾಳೆ ಅಂತ ಶಾಲೆಯಿಂದ ದೂರು ಬರುತ್ತಿತ್ತು. ಇಂಥ ಮಗುವನ್ನು ಬೈಯಬೇಡಿ, ಕೆಲಸ ಕೊಡಿ. ಅದೇ ಲೆಕ್ಕ ಇನ್ನೂ ಹತ್ತು ಅಲ್ಲ, ಬೇರೆ ಥರದ್ದು.

ಮಳೆಗಾಲದಲ್ಲಿ ಪೇಪರ್ ನೋಡಿ ದಿನಾ ಕೆಆರ್‌ಎಸ್ ನೀರಿನ ಮಟ್ಟ ಬರೆದಿಡು ಅಂದೆ. ಭರ್ತಿಯಾದರೆ 124.80 ಅಡಿ. ಒಂದು ದಿನ ಕೇಳಿದಳು, "ಅಮ್ಮ, ನೀರು ಅಷ್ಟೇ ಬರ್ತಿದೆ, ಆದ್ರೂ ಈಗ ಯಾಕೆ ನಿಧಾನಕ್ಕೆ ಏರುತ್ತೆ?" ನನಗೂ ತಕ್ಷಣ ಹೊಳೆಯಲಿಲ್ಲ. ಹಾಗೇ ಹೇಳಿದೆ. ಆಮೇಲೆ ಬಾಣಲೆಗೆ ಲೋಟ ಲೋಟ ನೀರು ಹಾಕುತ್ತಾ ಹೋದೆವು. ಮೇಲೆ ಬಂದಷ್ಟೂ ಬಾಣಲೆ ಅಗಲ, ಏರುವುದು ಕಮ್ಮಿ. ಅವಳೇ ಕಂಡುಕೊಂಡಳು. ಆ ಮುಖ ನೋಡಬೇಕಿತ್ತು!

ಮದುವೆಮನೆಯಲ್ಲಿ "17ರ ಮಗ್ಗಿ ಹೇಳು ಪುಟ್ಟಿ" ಅಂತ ನಿಲ್ಲಿಸಬೇಡಿ. ಮಗು ಪ್ರದರ್ಶನದ ವಸ್ತು ಅಲ್ಲ, ಅಲ್ವಾ?

ಕಷ್ಟವಾದದ್ದು ಸೋಲು. ಎಲ್ಲ ಸುಲಭವಾಗಿ ಬಂದ ಮಕ್ಕಳಿಗೆ ಸೋತು ಅಭ್ಯಾಸವೇ ಇರುವುದಿಲ್ಲ. ಅದಕ್ಕೇ ಸಂಜೆ ಅಜ್ಜಿ ಜೊತೆ ಚೌಕಾಬಾರಕ್ಕೆ ಕೂರಿಸುತ್ತೇನೆ. ಕವಡೆ ಯಾರ ಜಾಣತನವನ್ನೂ ಕೇಳುವುದಿಲ್ಲ. ಮೊದಲ ವಾರ ಕವಡೆ ಎಸೆದು ಅತ್ತಳು. ಯಾರೂ ಬೇಕಂತ ಸೋಲಲಿಲ್ಲ. ಈಗ ಕಾಯಿ ಹೋದರೆ ಮೂಗು ಒರೆಸಿಕೊಂಡು "ಇನ್ನೊಂದಾಟ ಅಜ್ಜಿ" ಅನ್ನುತ್ತಾಳೆ.