ಐಸ್ ಹಾಕಿ ಬಾಜಿಯಲ್ಲಿ ಅಂಕಿಅಂಶಗಳ ಬಳಕೆ
ಐಸ್ ಹಾಕಿಯಲ್ಲಿ ಗೋಲುಗಳು ವಿರಳವಾದ್ದರಿಂದ, ಕೆಲವೇ ಪಂದ್ಯಗಳ ಫಲಿತಾಂಶದಿಂದ ತಂಡದ ನಿಜವಾದ ಬಲವನ್ನು ಅಳೆಯಲಾಗದು. ಮೊದಲು ಕೋರ್ಸಿಯನ್ನು, ಅಂದರೆ ಗುರಿಗೆ ಹೋದ, ಗುರಿ ತಪ್ಪಿದ ಮತ್ತು ಎದುರಾಳಿ ತಡೆದ ಎಲ್ಲ ಹೊಡೆತಗಳಲ್ಲಿ ತಂಡದ ಪಾಲನ್ನು, ಎರಡೂ ಕಡೆ ಗೋಲ್‌ಕೀಪರ್ ಬಿಟ್ಟು ಐವರು ಸ್ಕೇಟರ್‌ಗಳಿರುವ ಅವಧಿಗೆ ಸೀಮಿತಗೊಳಿಸಿ ನೋಡಿ. ಮುನ್ನಡೆ ಪಡೆದ ತಂಡ ಸಾಮಾನ್ಯವಾಗಿ ರಕ್ಷಣೆಗೆ ಇಳಿಯುವುದರಿಂದ, ಸ್ಕೋರಿಗೆ ತಕ್ಕಂತೆ ಸರಿಹೊಂದಿಸಿದ ಅಂಕಿಯೇ ಹೆಚ್ಚು ವಿಶ್ವಾಸಾರ್ಹ. ಹೊಡೆತದ ದೂರ, ಕೋನ ಮುಂತಾದವುಗಳಿಂದ ಅವಕಾಶದ ಗುಣಮಟ್ಟವನ್ನು ಅಂದಾಜಿಸುವ ನಿರೀಕ್ಷಿತ ಗೋಲುಗಳನ್ನು ಇದರ ಜೊತೆಗಿಟ್ಟು ಓದಬೇಕು.

ಹೊಡೆತಗಳು ಗೋಲಾಗುವ ಶೇಕಡಾವಾರನ್ನೂ ಗೋಲಿ (ಗೋಲ್‌ಕೀಪರ್) ತಡೆಯುವ ಶೇಕಡಾವಾರನ್ನೂ ಕೂಡಿದರೆ ಪಿಡಿಒ ಸಿಗುತ್ತದೆ. ಲೀಗಿನ ಸರಾಸರಿ 100 ಆಗಿರುವುದರಿಂದ, ಅದಕ್ಕಿಂತ ಬಹಳ ಮೇಲಿರುವ ತಂಡದ ಗೆಲುವಿನ ಸರಣಿಯಲ್ಲಿ ಅದೃಷ್ಟದ ಪಾಲು ದೊಡ್ಡದೆಂದು ಶಂಕಿಸಬಹುದು. ಆದರೆ ಗೋಲಿ ನಿಜಕ್ಕೂ ಅಸಾಧಾರಣನಾಗಿದ್ದರೆ ಈ ಶಂಕೆ ದುರ್ಬಲವಾಗುತ್ತದೆ. ಆ ದಿನದ ಗೋಲಿ ಯಾರೆಂಬುದು ಖಚಿತವಾಗುವವರೆಗೆ ಯಾವ ಲೆಕ್ಕವೂ ಪೂರ್ಣವಲ್ಲ.

ಕೊನೆಗೆ ಬಾಜಿಯ ದರವನ್ನು, ಅಂದರೆ ಗೆದ್ದರೆ ಹೂಡಿದ ಪ್ರತಿ ರೂಪಾಯಿಗೆ ಮರಳುವ ಒಟ್ಟು ಮೊತ್ತವನ್ನು, ಸಂಭವನೀಯತೆಗೆ ಪರಿವರ್ತಿಸಿ: 1 ಅನ್ನು ದರದಿಂದ ಭಾಗಿಸಿದರೆ, 2.50 ದರಕ್ಕೆ ಅದು ಶೇ 40. ನಿಮ್ಮ ಅಂದಾಜು ಇದಕ್ಕಿಂತ ಸ್ಪಷ್ಟವಾಗಿ ಹೆಚ್ಚಿಲ್ಲದಿದ್ದರೆ, ತಂಡ ಎಷ್ಟೇ ಬಲಿಷ್ಠವಾಗಿದ್ದರೂ ಬಾಜಿ ಕಟ್ಟಬೇಡಿ. ಕಟ್ಟುವುದಾದರೂ ಕಳೆದುಕೊಂಡರೆ ತೊಂದರೆಯಾಗದಷ್ಟು ಹಣವನ್ನು, ಕಾನೂನು ಅನುಮತಿಸುವ ಕಡೆ ಮಾತ್ರ ಹೂಡಿ.